ಕಣಕ ನೆನೆಯುವ ಹೊತ್ತು

ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಪಾತ್ರೆ, ಅದರ ಮೇಲೆ ಮುಚ್ಚಿದ ತಟ್ಟೆ. ತಟ್ಟೆ ಸರಿಸಿ ನೋಡಿದೆ. ಅರಿಶಿನ ಹಾಕಿ ನಾದಿದ ಹೋಳಿಗೆಯ ಕಣಕ ಎಣ್ಣೆಯಲ್ಲಿ ನೆನೆಯುತ್ತಿತ್ತು. ಹಸಿ ಎಣ್ಣೆ, ಅರಿಶಿನ, ಒದ್ದೆ ಮೈದಾ ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ... ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಕೆಲಸದ ನಡುವೆ ಹಾಗೆ ನಿಲ್ಲುವವಳಲ್ಲ ನಾನು.

ಕಣಕ ನಾದಿದ್ದು ನಾನಲ್ಲ. ನಾವು ಕರಾವಳಿಯ ಕೊಂಕಣಿ ಮಾತಾಡುವ ಕ್ರೈಸ್ತರು. ನಮ್ಮ ಮನೆಯಲ್ಲಿ ಹೋಳಿಗೆಯ ರೂಢಿ ಇಲ್ಲ. ಯಾರ ಕೈಯದು ಎಂದು ಕೇಳಬೇಕಾಗಿಯೂ ಇರಲಿಲ್ಲ. ಕಟ್ಟೆಯ ತುಂಬ ಹಿಟ್ಟು ಚೆಲ್ಲಿತ್ತು, ನಲ್ಲಿಯ ಹಿಡಿಗೆ ಮೈದಾ ಅಂಟಿತ್ತು, ಸಿಂಕಿನಲ್ಲಿ ಚಮಚ ಹಾಗೇ ಬಿದ್ದಿತ್ತು. ಇಷ್ಟು ವರ್ಷಗಳಾದರೂ ಈ ಹುಡುಗಿ ಚಮಚ ತೊಳೆದಿಡುವುದನ್ನು ಕಲಿತಿಲ್ಲ.

ಹುಡುಗಿ ಎನ್ನುತ್ತೇನೆ, ಅಷ್ಟೆ. ಅವಳು ಮೂವತ್ತು ದಾಟಿ ಎಷ್ಟೋ ಕಾಲವಾಯಿತು. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಔಷಧ ಕಂಪನಿಯೊಂದರ ಲೆಕ್ಕಪತ್ರ ನೋಡುತ್ತಾಳೆ, ಕೈಕೆಳಗೆ ಜನರಿದ್ದಾರೆ. ಆದರೆ ನನಗೆ ಅವಳು ಇವತ್ತಿಗೂ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿದ್ದ ನನ್ನ ಮನೆಯ ಹಿಂದಿನ ಕೋಣೆಯ ಹುಡುಗಿಯೇ. ನಾನೀಗ ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಮಗನ ಮನೆಯಲ್ಲಿದ್ದೇನೆ. ತಿಂಗಳಿಗೊಮ್ಮೆ ಶನಿವಾರ ಬರುತ್ತಾಳೆ, ಅಡುಗೆಮನೆಯನ್ನು ಅಲ್ಲೋಲಕಲ್ಲೋಲ ಮಾಡಿ ಹೋಗುತ್ತಾಳೆ.

ಆದರೆ ಆ ವಾಸನೆ ಎಬ್ಬಿಸಿದ ನೆನಪು ಅವಳದ್ದಲ್ಲ, ಅವಳ ಅಮ್ಮನದು. ತಿಪಟೂರಿನಲ್ಲಿ ಹೋಳಿಗೆ ಮಾಡಿ ಮಾರುತ್ತಿದ್ದ ಹೆಂಗಸು. ನಾನು ಆಕೆಯನ್ನು ಒಮ್ಮೆಯೂ ಎದುರಿಗೆ ಕಂಡವಳಲ್ಲ. ಕಂಡದ್ದೆಲ್ಲ ಅಂಗೈಯಗಲದ ಫೋನಿನಲ್ಲಿ. ನಾನು ಹೋಳಿಗೆಯಮ್ಮ ಎನ್ನುತ್ತಿದ್ದೆ, ಆಕೆ ನನ್ನನ್ನು ನರ್ಸಮ್ಮ ಎನ್ನುತ್ತಿದ್ದರು.

ನಾನು ಬೆಳೆದದ್ದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ಕಣ್ಣು ಮುಚ್ಚಬೇಕು. ಕಾಲು ನೇರ, ಕೈ ಹೊದಿಕೆಯ ಮೇಲೆ. ನಿದ್ದೆ ಬರುತ್ತಿಲ್ಲ ಎಂದು ಹೇಳುವ ಪದ್ಧತಿಯೇ ಅಲ್ಲಿರಲಿಲ್ಲ. ಬಾರದಿದ್ದರೆ ಬರುವವರೆಗೆ ಸುಮ್ಮನೆ ಮಲಗಿರುವುದು. ಆಮೇಲೆ ನರ್ಸಿಂಗ್, ಆಮೇಲೆ ನಾಲ್ಕು ದಶಕಗಳ ಆಸ್ಪತ್ರೆಯ ಪಾಳಿಗಳು. ಹಾಸಿಗೆಯ ಮೂಲೆಯನ್ನು ಹೇಗೆ ಮಡಚಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಂಡ ತೀರಿಕೊಂಡ ಮೇಲೆ ಬಾಕ್ಸ್ ಹಿಲ್‌ನ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಸಿಡ್ನಿಯಲ್ಲಿದ್ದ ಮಗ, ಒಬ್ಬಳೇ ಇರಬೇಡ, ಹಿಂದಿನ ಕೋಣೆಯನ್ನು ಓದುವ ಹುಡುಗಿ ಯಾರಿಗಾದರೂ ಕೊಡು ಎಂದು ಹಟ ಹಿಡಿದ. ಇಗರ್ಜಿಯಲ್ಲಿ ಪರಿಚಯವಿದ್ದವರೊಬ್ಬರು ಈ ಹುಡುಗಿಯನ್ನು ಕರೆತಂದರು. ಅಕೌಂಟಿಂಗ್‌ನಲ್ಲಿ ಮಾಸ್ಟರ್ಸ್ ಮಾಡಲು ಬಂದವಳು. ಎರಡು ಜಡೆ ಹಾಕಿಕೊಂಡು, ಎರಡು ಸೂಟ್‌ಕೇಸ್ ಹಿಡಿದು ನಿಂತಿದ್ದಳು. ನೋಡಲು ಅಚ್ಚುಕಟ್ಟಾಗಿದ್ದಳು. ನೋಟಕ್ಕೆ ಮರುಳಾಗಬಾರದು ಎಂಬುದಕ್ಕೆ ಅವಳಿಗಿಂತ ಒಳ್ಳೆಯ ನಿದರ್ಶನವಿಲ್ಲ.

ಒಂದೇ ವಾರದಲ್ಲಿ ನನ್ನ ಮನೆಯ ಶಿಸ್ತೆಲ್ಲ ಸಡಿಲವಾಯಿತು. ಒದ್ದೆ ಟವೆಲು ಹಾಸಿಗೆಯ ಮೇಲೆ. ಒಂದು ಚಪ್ಪಲಿ ಬಾಗಿಲಲ್ಲಿ, ಇನ್ನೊಂದು ಮಂಚದ ಕೆಳಗೆ. ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಗೆ ಮೊದಲು ಚಾವಣಿಯ ಹೊಗೆ ಅಲಾರಮಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುವ ಕ್ರಮವಿತ್ತು. ಇಲ್ಲದಿದ್ದರೆ ನಾಲ್ಕು ಸಾಸಿವೆ ಸಿಡಿದರೂ ಅದು ಇಡೀ ಬೀದಿಗೆ ಕೇಳುವಂತೆ ಅರಚುತ್ತದೆ. ಒಗ್ಗರಣೆ ಮುಗಿದ ಕೂಡಲೇ ಟೋಪಿ ತೆಗೆಯಬೇಕು, ಅದು ಎರಡನೆಯ ನಿಯಮ. ಇವಳು ಮೊದಲನೆಯದನ್ನು ಮರೆತು ಒಮ್ಮೆ ಪಕ್ಕದ ಮನೆಯ ಮುದುಕನನ್ನು ಪೈಜಾಮದಲ್ಲೇ ಹೊರಗೆ ಓಡಿಸಿದಳು. ಆಮೇಲೆ ಎರಡನೆಯದನ್ನು ಮರೆಯತೊಡಗಿದಳು.

"ಎಂತ ಮಾರಾಯ್ತಿ, ಇದಕ್ಕೆ ದಿನವಿಡೀ ಟೋಪಿ ಹಾಕಿಟ್ಟರೆ ಬೆಂಕಿ ಬಿದ್ದಾಗ ಕೂಗುವುದು ಯಾರು, ನೀನಾ?"

"ಸಾರಿ ಆಂಟಿ, ಮರ್ತೇ ಹೋಯ್ತು."

ಅವಳಿಗೆ ಎಲ್ಲವೂ ಮರೆತೇ ಹೋಗುತ್ತಿತ್ತು. ರೈಲಿನಲ್ಲಿ ಕೂತಲ್ಲೇ ನಿದ್ದೆ ಹೋಗಿ ತನ್ನ ಸ್ಟೇಷನ್ ದಾಟಿ ಮುಂದಕ್ಕೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ನನ್ನ ಕಾಫಿಗೆ ಉಪ್ಪು ಹಾಕಿದಳು, ತನ್ನದಕ್ಕೂ ಹಾಕಿಕೊಂಡಳು, ಮತ್ತು ಕುಡಿದಳು. ಆದರೆ ನನಗೆ ಎಲ್ಲಕ್ಕಿಂತ ತಡೆಯಲಾಗದೆ ಹೋದದ್ದು ಆ ದೀಪ. ರಾತ್ರಿ ಯಾವಾಗ ಎದ್ದರೂ ಹಿಂದಿನ ಕೋಣೆಯ ಬಾಗಿಲ ಕೆಳಗಿಂದ ಬೆಳಕಿನ ಗೆರೆ. ಕೇಳಿದರೆ ಒಂದೇ ಉತ್ತರ: "ಓದ್ತಿದ್ದೆ ಆಂಟಿ." ಅಷ್ಟೆಲ್ಲ ಓದಿದವಳು ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯದಲ್ಲಿ ಫೇಲಾದಳು. ಅದೇ ವಿಷಯದಲ್ಲಿ ಇನ್ನೊಮ್ಮೆ ಫೇಲಾದರೆ ಕೋರ್ಸಿನಿಂದ ಕಳಿಸುತ್ತಾರೆ, ಕೋರ್ಸ್ ಹೋದರೆ ವೀಸಾ ಹೋಗುತ್ತದೆ ಎಂದು ಅವಳೇ ಅತ್ತುಕೊಂಡು ಹೇಳಿದ್ದಳು. ನಾನು ಮಲಗಲು ಹೇಳಿದೆ. ನಿದ್ದೆಗಿಂತ ದೊಡ್ಡ ಟ್ಯೂಷನ್ ಇಲ್ಲ ಎಂದೆ. ತಲೆಯಾಡಿಸಿದಳು. ಆ ರಾತ್ರಿಯೂ ಬೆಳಕಿನ ಗೆರೆ ಇತ್ತು.

ಜುಲೈ ತಿಂಗಳು. ಮೆಲ್ಬರ್ನಿನ ಚಳಿ ಗೋಡೆಯ ಮೂಲಕವೇ ಒಳಗೆ ಬರುವ ಕಾಲ. ಮರುದಿನ ಬೆಳಿಗ್ಗೆ ಅವಳಿಗೆ ಆ ವಿಷಯದ ಮರುಪರೀಕ್ಷೆ. ಸಂಜೆಯೇ ಗಂಜಿ ಉಣ್ಣಿಸಿ, ಬಿಸಿನೀರಿನ ರಬ್ಬರ್ ಚೀಲ ಕೈಗೆ ಕೊಟ್ಟು, ಕಾಲ ಬುಡದಲ್ಲಿಟ್ಟು ಮಲಗಿಬಿಡು ಎಂದು ಆಜ್ಞೆ ಮಾಡಿ ಬಂದಿದ್ದೆ. ನಡುರಾತ್ರಿ ಕಳೆದು ನೀರು ಕುಡಿಯಲು ಎದ್ದರೆ, ಮತ್ತೆ ಅದೇ ಗೆರೆ. ನನ್ನ ತಾಳ್ಮೆ ತೀರಿತು. ಬಾಗಿಲು ತಟ್ಟಿ, ಉತ್ತರಕ್ಕೆ ಕಾಯದೆ ತೆರೆದೆ.

ಓದುತ್ತಿದ್ದರೆ ಬೈದು ಬರುತ್ತಿದ್ದೆ. ಆದರೆ ಅವಳು ಓದುತ್ತಿರಲಿಲ್ಲ. ತಲೆ ಬಾಚಿ, ಹಣೆಗೆ ಬೊಟ್ಟಿಟ್ಟು, ಇಸ್ತ್ರಿ ಮಾಡಿದ ಹಳದಿ ಕುರ್ತಾ ತೊಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಚಾವಣಿಯ ದೀಪ, ಮೇಜಿನ ದೀಪ, ಎಲ್ಲವೂ ಉರಿಯುತ್ತಿದ್ದವು. ನಮ್ಮ ಹಾಲ್‌ನಲ್ಲಿದ್ದ ಉದ್ದ ಕಂಬದ ದೀಪವನ್ನೂ ಎಳೆದು ತಂದು, ಕಿಟಕಿಯಿಂದ ಬಿಸಿಲು ಬಿದ್ದಂತೆ ಕಾಣಲಿ ಎಂದು ಪರದೆಯ ಪಕ್ಕ ನಿಲ್ಲಿಸಿದ್ದಳು. ಎದುರಿಗೆ ಪುಸ್ತಕಗಳಿಗೆ ಒರಗಿಸಿದ ಫೋನು.

"ಎಂತ ಇದು? ನಾಟಕ ಉಂಟಾ ಇಲ್ಲಿ?"

"ಶ್ಶ್... ಆಂಟಿ, ಪ್ಲೀಸ್. ಅಮ್ಮ ಕಾಲ್ ಮಾಡೋ ಟೈಮ್."

"ಈ ಹೊತ್ತಿಗೆ ಯಾವ ಅಮ್ಮ ಕಾಲ್ ಮಾಡುತ್ತಾಳೆ?"

ಆಗ ಹೇಳಿದಳು. ಅಮ್ಮ ಹೋಳಿಗೆಯ ಅಂಗಡಿಯ ಶಟರ್ ಎಳೆದು, ಕಾವಲಿ ತೊಳೆದು, ಒಬ್ಬಳೇ ಆಗುವುದು ರಾತ್ರಿ ಹತ್ತಕ್ಕೆ. ಹಗಲೆಲ್ಲ ಗಿರಾಕಿಗಳು, ಗಲ್ಲಾಪೆಟ್ಟಿಗೆಯ ಮುಂದೆ ಅಪ್ಪ, ಒಳಗೆ ಹಾಸಿಗೆ ಹಿಡಿದ ಅಜ್ಜಿ. ಅವರ ಹತ್ತು ಗಂಟೆ ಎಂದರೆ ನಮ್ಮ ಎರಡೂವರೆ. ಬಂದ ಮೊದಲ ವಾರ ಅಮ್ಮ ಸಂಭ್ರಮದಿಂದ ಕೇಳಿದ್ದರಂತೆ, "ಫಾರಿನ್ ಅಂದ್ಮೇಲೆ ನಮಗೆ ರಾತ್ರಿ ಆದ್ರೆ ನಿನಗೆ ಹಗಲು ಅಲ್ವೇನೇ? ಪಕ್ಕದ್ಮನೆ ಹುಡುಗಿ ಕೆನಡಾದಲ್ಲಿ ಹಂಗೇ ಅಂತಿದ್ಲು." ಇವಳು ಹೂಂ ಎಂದಳು. ಒಂದು ಹೂಂ. ಅದನ್ನು ಉಳಿಸಿಕೊಳ್ಳಲು ಆರು ತಿಂಗಳಿಂದ ಪ್ರತಿ ರಾತ್ರಿ ಹಗಲು ಮಾಡಿ ಕೂರುತ್ತಿದ್ದಳು.

"ಹೇಳಿಬಿಡಲಿಕ್ಕೆ ಎಂತ ಕಷ್ಟ?"

"ಹೇಳಿದ್ರೆ ಅಮ್ಮ ಕಾಲೇ ಮಾಡಲ್ಲ ಆಂಟಿ. ನನ್ನ ನಿದ್ದೆ ಕೆಡುತ್ತೆ ಅಂತ. ಅವಳಿಗೆ ಮಾತಾಡಕ್ಕೆ ಬೇರೆ ಯಾರಿದಾರೆ?"

"ನಾಳೆ ಪರೀಕ್ಷೆ ಇರುವುದು ಅವರಿಗಾ, ನಿನಗಾ?"

ಕಣ್ಣಿನ ಕೆಳಗೆ ಪೌಡರ್ ಬಳಿದುಕೊಂಡಿದ್ದಳು, ಕಪ್ಪು ಕಾಣದಿರಲಿ ಎಂದು. ನನಗೆ ಕೋಪ ನೆತ್ತಿಗೇರಿತು. ಕೋಪ ಬಂದಾಗ ನನಗೆ ಕೆಲಸ ಚೆನ್ನಾಗಿ ನಡೆಯುತ್ತದೆ.

"ಏಳು. ನನ್ನ ಕೋಣೆಗೆ ಹೋಗು, ನನ್ನ ಮಂಚದಲ್ಲಿ ಮಲಗು. ಫೋನು ಇಲ್ಲೇ ಇರಲಿ. ನಿನ್ನ ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ."

"ಆಂಟಿ, ಏನೂ ಹೇಳ್ಬೇಡಿ, ಪ್ಲೀಸ್—"

"ಹೇಳುವುದಿಲ್ಲ. ನಡಿ."

ಮಂಚದ ಮೇಲೆ ಕೂತು, ಇಸ್ತ್ರಿ ಮಾಡಿದ ದಿಂಬಿನ ಹೊದಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇದನ್ನೂ ಐರನ್ ಮಾಡ್ತೀರಾ? ಯಾರು ನೋಡ್ತಾರೆ ಆಂಟಿ?"

"ಯಾರೂ ನೋಡುವುದಿಲ್ಲ. ಅದಕ್ಕೇ ಮಾಡುವುದು. ದೊಡ್ಡವಳಾದ ಮೇಲೆ ನಿನಗೂ ಗೊತ್ತಾಗುತ್ತದೆ. ಮಲಗು."

ನಾನು ಬಿಸಿನೀರಿನ ಚೀಲವನ್ನು ಮತ್ತೆ ತುಂಬಿ ಅವಳ ಕಾಲ ಬುಡಕ್ಕೆ ತಳ್ಳಿ ಬಂದೆ. ಆಮೇಲೆ ಮಾಡಿದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಡಿಮಿಡಿಯಾಗುತ್ತದೆ. ನೈಟಿಯ ಮೇಲೆ ನೀಲಿ ಕಾರ್ಡಿಗನ್ ಹಾಕಿ, ಕೊರಳವರೆಗೆ ಗುಂಡಿ ಹಾಕಿಕೊಂಡೆ. ತಲೆ ಬಾಚಿದೆ. ಆ ಹಾಳು ಕಂಬದ ದೀಪದ ಬೆಳಕು ನನ್ನ ಮೇಲೂ ಬೀಳುವಂತೆ ಸರಿಸಿ ಕೂತೆ. ಸುಳ್ಳು ಹೇಳಿದರೆ ಮೊಣಕಾಲೂರಿಸುತ್ತಿದ್ದ ಬೋರ್ಡಿಂಗಿನಲ್ಲಿ ಬೆಳೆದವಳು, ನಡುರಾತ್ರಿಯಲ್ಲಿ ಮಧ್ಯಾಹ್ನದ ವೇಷ ಹಾಕಿ ಕೂತಿದ್ದೆ.

ಫೋನು ಮಿಣುಗಿತು. ತೆರೆದರೆ ದುಂಡು ಮುಖದ ಹೆಂಗಸು. ಹುಬ್ಬಿನ ಮೇಲೆ ಮೈದಾ, ಹಿಂದೆ ಹಿಟ್ಟಿನ ಮೂಟೆಗಳು. ಕೈಯಲ್ಲಿ ಕಾಫಿಯ ಲೋಟ. ಮಗಳ ಬದಲು ನನ್ನನ್ನು ಕಂಡು ಲೋಟ ಕೆಳಗಿಟ್ಟರು.

ಮಗಳಿರುವ ಮನೆ ನನ್ನದೆಂದು ಹೇಳಿದೆ, ನರ್ಸ್ ಎಂದೆ. ಮಗಳು ಕಾಲೇಜಿಗೆ ಹೋಗಿದ್ದಾಳೆ, ಫೋನು ಮರೆತಿದ್ದಾಳೆ, ಇಲ್ಲಿ ಬಿಸಿಲು ಚೆನ್ನಾಗಿದೆ ಎಂದೆ. ಬಿಸಿಲಿನ ಮಾತು ಬೇಕಿರಲಿಲ್ಲ. ರೂಢಿಯಿಲ್ಲದವರು ಸುಳ್ಳು ಹೇಳಲು ಹೋದರೆ ಹೀಗೇ, ಅಗತ್ಯಕ್ಕಿಂತ ಹೆಚ್ಚು ಬಡಿಸುತ್ತೇವೆ.

ಆಕೆ ನನ್ನನ್ನೇ ನೋಡಿದರು. ನಕ್ಕರೋ, ಉಸಿರು ಬಿಟ್ಟರೋ ಗೊತ್ತಾಗಲಿಲ್ಲ.

"ನರ್ಸಮ್ಮೋರೆ, ಈಗ ಅಲ್ಲಿ ರಾತ್ರಿ ಎರಡೂವರೆ ಅಲ್ವಾ? ಯಾವ ಕಾಲೇಜು ತೆಗ್ದಿರ್ತಾರೆ?"

ಜೀವಮಾನದಲ್ಲಿ ಮೊದಲ ಬಾರಿ ಯಾರದೋ ಸಲುವಾಗಿ ಸುಳ್ಳು ಹೇಳಿದ್ದೆ. ಅದು ಒಂದು ನಿಮಿಷವೂ ಬದುಕಲಿಲ್ಲ.

"ನಿಮಗೆ ಗೊತ್ತುಂಟಾ?"

"ಗೊತ್ತಿಲ್ದೆ ಏನು. ಮೊದ್ಲನೇ ತಿಂಗಳೇ ಗೊತ್ತಾಯ್ತು. ಒಂದಿನ ಪರದೆ ಸರ್ದಿತ್ತು, ಹಿಂದೆ ಕಾರ್ಗತ್ತಲು. ಅಂಗ್ಡಿಗೆ ಬರೋ ಬ್ಯಾಂಕಿನವ್ರನ್ನ ಕೇಳ್ದೆ, ಲೆಕ್ಕ ಹಾಕಿ ಹೇಳಿದ್ರು."

"ಗೊತ್ತಿದ್ದೂ ಈ ಹೊತ್ತಿಗೆ ಫೋನು ಮಾಡುತ್ತೀರಾ? ನಿಮ್ಮ ಮಗಳು ಆರು ತಿಂಗಳಿಂದ ನಿದ್ದೆ ಮಾಡಿಲ್ಲ!"

"ಅದಕ್ಕೇ ಮಾಡೋದು ನರ್ಸಮ್ಮ. ಅವಳಿಗೆ ಹೊಸ ಜಾಗದಲ್ಲಿ ನಿದ್ದೆ ಬರಲ್ಲ, ಚಿಕ್ಕ ವಯಸ್ಸಿಂದ ಹಂಗೇ. ಯಾವಾಗ ಮಾಡಿದ್ರೂ ಎದ್ದೇ ಇರ್ತಾಳೆ, ಒಂದೇ ರಿಂಗಿಗೆ ಎತ್ತುತಾಳೆ. ಅಷ್ಟು ಹೊತ್ತಲ್ಲಿ ಒಬ್ಬಳೇ ಕೂತಿರೋದ್ ಬೇಡ ಅಂತ ನಾನೂ ಎದ್ದಿರ್ತೀನಿ. ಇಲ್ಲಾಂದ್ರೆ ನನಗೂ ಬೆನ್ನು ಬಿದ್ದೋಗಿರುತ್ತೆ, ಒಂಬತ್ತಕ್ಕೇ ಮಲಗ್ಬೋದು."

ನಾನು ಹಣೆ ಒತ್ತಿಕೊಂಡೆ. ಅಮ್ಮನಿಗಾಗಿ ಮಗಳು ಎದ್ದಿರುತ್ತಾಳೆ. ಮಗಳು ಎದ್ದಿರುತ್ತಾಳೆಂದು ಅಮ್ಮ ಎದ್ದಿರುತ್ತಾರೆ. ಒಬ್ಬರ ನಿದ್ದೆಯನ್ನು ಇನ್ನೊಬ್ಬರು ಕಾಯುತ್ತಾ ಇಬ್ಬರೂ ನಿದ್ದೆಗೆಟ್ಟು ಅರ್ಧ ವರ್ಷ ಕಳೆದಿದ್ದರು. ನನ್ನ ವಾರ್ಡಿನಲ್ಲಿ ಇಂಥ ಇಬ್ಬರು ರೋಗಿಗಳಿದ್ದರೆ ನಡುವೆ ಪರದೆ ಎಳೆದು ದೀಪ ಆರಿಸಿಬಿಡುತ್ತಿದ್ದೆ. ಹಾಗೆಂದು ಹೇಳಿಯೂ ಹೇಳಿದೆ, ಸ್ವರ ಏರಿಸಿಯೇ ಹೇಳಿದೆ. ಮಗಳು ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ ಎಂಬುದು ನೆನಪಾಗಿ ಸ್ವರ ತಗ್ಗಿಸಿದೆ.

"ಈಗ ಮಲಗಿದಾಳಾ?" ಆಕೆ ಫೋನಿಗೆ ಮುಖ ತಂದು ಪಿಸುಗುಟ್ಟಿದರು. "ನಿಜವಾಗ್ಲೂ?"

ಎದ್ದು ಹೋಗಿ ನೋಡಿ ಬಂದೆ. ಗೊರಕೆಯೇ ಹೊಡೆಯುತ್ತಿದ್ದಳು. ಹೇಳಿದೆ. ಆ ಮುಖದಲ್ಲಿ ಆಗ ಕಂಡದ್ದನ್ನು... ಏನೆನ್ನಲಿ, ಜ್ವರ ಇಳಿದ ಮಗುವಿನ ತಾಯಂದಿರಲ್ಲಿ ಅದನ್ನು ನೂರಾರು ಸಲ ನೋಡಿದ್ದೇನೆ. ಹಗಲುಪಾಳಿಗೆ ಹೋಗಬೇಕಾದವಳು ನಾನು, ಅಲ್ಲಿಗೆ ಫೋನು ಇಟ್ಟು ಮಲಗಬಹುದಿತ್ತು. ಇಡಲಿಲ್ಲ. ಮಾತಾಡುತ್ತಾ ಕೂತೆವು.

"ನಿಮಗೆ ಇಡೀ ದಿನದಲ್ಲಿ ಕೈ ಖಾಲಿ ಇರುವ ಹೊತ್ತೇ ಇಲ್ಲವಾ?" ಎಂದು ಕೇಳಿದೆ. ಯೋಚಿಸಿದರು. "ಒಂದೇ ಹೊತ್ತು. ಮಧ್ಯಾಹ್ನ ಮೂರಕ್ಕೆ ಸಂಜೆ ಹೋಳಿಗೆಗೆ ಕಣಕ ನಾದಿ ನೆನೆಯಕ್ಕೆ ಇಡ್ತೀನಿ. ಅದು ನೆನೆಯೋವರೆಗೂ ಯಾರೂ ಏನೂ ಮಾಡೋ ಹಂಗಿಲ್ಲ, ಬ್ರಹ್ಮ ಬಂದ್ರೂ ಕಾಯ್ಬೇಕು. ಆಗ ಮೂಟೆ ಮೇಲೆ ಒರಗಿ, ಕಾಲು ಗೋಡೆಗೆ ಎತ್ತಿಟ್ಟು, ಒಂದು ಗಳಿಗೆ ಕಣ್ಮುಚ್ತೀನಿ. ಮೊದ್ಲು ಅತ್ತೆ ಬೈತಿದ್ರು. ಈಗ ಬೈಯೋರಿಲ್ಲ. ವಯಸ್ಸಾಗಿದ್ದಕ್ಕೆ ಸಿಕ್ಕಿದ್ ಸುಖ ಅಂದ್ರೆ ಅದೊಂದೇ ನೋಡಿ." ನನ್ನದೇನು ಎಂದು ಆಕೆ ಕೇಳಿದರು. ಇಸ್ತ್ರಿ ಮಾಡಿದ ದಿಂಬು, ಬಿಸಿನೀರಿನ ಚೀಲ, ಯಾರೂ ಕೇಳದೆ ಮಾಡಿಕೊಂಡು ಕುಡಿಯುವ ಎರಡನೆಯ ಲೋಟ ಚಹ ಎಂದೆ. ಇಂಥವನ್ನು ನಾನು ಬೇರೆ ಯಾರಿಗೂ ಹೇಳಿದ್ದಿಲ್ಲ.

ತಕ್ಷಣ ವ್ಯವಸ್ಥೆ ಮಾಡಿದೆ. ಇನ್ನು ಮುಂದೆ ಫೋನು ಕಣಕ ನೆನೆಯುವ ಹೊತ್ತಿಗೆ. ಇಲ್ಲಿ ಆಗ ಸಂಜೆ, ಅವಳ ಊಟದ ಸಮಯ. ರಾತ್ರಿ ಇಬ್ಬರೂ ಮಲಗಬೇಕು. ಬಿಪಿ ಇದೆ, ಬೇಗ ಮಲಗಲು ಡಾಕ್ಟರು ಹೇಳಿದ್ದಾರೆ ಎಂದು ಮಗಳಿಗೆ ಹೇಳಿಬಿಡಿ ಎಂದೆ. ಅದು ನನ್ನ ಎರಡನೆಯ ಸುಳ್ಳು.

ತಮ್ಮ ಸುಖದ ಆ ಒಂದು ಗಳಿಗೆ ಹೋಗುತ್ತದೆಂದು ಆಕೆ ಒಂದು ಮಾತೂ ಆಡಲಿಲ್ಲ. ಕೇಳಿದ್ದು ಒಂದೇ. "ನನಗೆ ಗೊತ್ತು ಅಂತ ಅವಳಿಗೆ ಹೇಳ್ಬೇಡಿ ನರ್ಸಮ್ಮ. ಬೊಟ್ಟು ಗಿಟ್ಟು ಇಟ್ಕೊಂಡು ಹಗಲು ಮಾಡ್ಕೊಂಡು ಕೂತ್ಕೋತಾಳಲ್ಲ... ಗೊತ್ತಾಗಿದೆ ಅಂತ ತಿಳಿದ್ರೆ ನಾಚ್ಕೊಂಡು ಸತ್ತೇ ಹೋಗ್ತಾಳೆ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಒಂದೇ ರಾತ್ರಿಯಲ್ಲಿ ಇಬ್ಬರಿಗೂ ಒಂದೇ ಮಾತು ಕೊಟ್ಟಂತಾಯಿತು.

ಬೆಳಿಗ್ಗೆ ಹುಡುಗಿಯನ್ನು ಎಬ್ಬಿಸಿ, ದೋಸೆ ತಿನ್ನಿಸಿ, ಸ್ಟೇಷನ್ನಿಗೆ ಬಿಟ್ಟು ಕೆಲಸಕ್ಕೆ ಹೋದೆ. ಪರೀಕ್ಷೆ ಪಾಸಾಯಿತು. ಭಾರಿ ಅಂಕವೇನಲ್ಲ, ಪಾಸು.

ನೆಮ್ಮದಿ ಎಂದುಕೊಂಡರೆ, ಹೊಸ ರಗಳೆ. ಅಮ್ಮನ ರಾತ್ರಿಯನ್ನು ತನ್ನ ಹಗಲು ಎಂದು ಹೇಳಿಕೊಂಡಿದ್ದವಳು, ಅಮ್ಮನ ಮಧ್ಯಾಹ್ನವನ್ನು ಈಗ ಏನೆನ್ನಬೇಕು? ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ, ಅವಳು ಫೋನಿನಲ್ಲಿ ಹೇಳುವುದು ಕೇಳಿಸಿತು. "ಇಲ್ಲಿ ಚಳಿಗಾಲಕ್ಕೆ ಸರ್ಕಾರ ಗಡಿಯಾರ ತಿರುಗಿಸುತ್ತಮ್ಮ. ಅದಕ್ಕೆ ಈಗ ನಿಮ್ಮ ಮಧ್ಯಾಹ್ನ ನಮಗೆ ಸಂಜೆ."

"ಹೌದೇನೇ? ಅಷ್ಟೊಂದು ತಿರುಗಿಸ್ತಾರಾ?" ಎಂದರು ತಿಪಟೂರಿನಿಂದ, ಬಹಳ ಗಂಭೀರವಾಗಿ.

"ಹೂಂನಮ್ಮ, ಸಡನ್ನಾಗಿ."

"ಪಾಪ, ಕೋಳಿಗಳಿಗೆ ಹೆಂಗೆ ಗೊತ್ತಾಗುತ್ತೋ."

ನಾನು ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡೆ. ಇಲ್ಲಿ ಗಡಿಯಾರ ತಿರುಗಿಸುವುದು ನಿಜ, ಆದರೆ ಒಂದು ಗಂಟೆಯಷ್ಟು, ಅರ್ಧ ದಿನವನ್ನಲ್ಲ. ಮಗಳು ಧೈರ್ಯವಾಗಿ ಸುಳ್ಳು ಹೇಳಿದಳು. ಅಮ್ಮ ಅದಕ್ಕಿಂತ ಚೆನ್ನಾಗಿ ನಂಬಿದರು.

ಹಾಗೆ ವರ್ಷಗಳು ನಡೆದವು. ಮಾತಿನ ಕೊನೆಗೆ "ನರ್ಸಮ್ಮಂಗೆ ಕೊಡು" ಎನ್ನುವುದು ಕ್ರಮವಾಯಿತು. ನನ್ನನ್ನು ನೋಡಿದ ಕೂಡಲೇ ಕೇಳುತ್ತಿದ್ದುದು, "ಮಲಗ್ತಾಳಾ?" ಮಲಗುತ್ತಾಳೆ ಎಂದರೆ ಸಾಕು, ಮುಂದೆ ಹೋಳಿಗೆಯ ಮಾತು. ಕಣಕ ಕೈಗೆ ಅಂಟದೆ ಎಳೆದಷ್ಟು ಬರಬೇಕು, ಅವಸರ ಮಾಡಿದರೆ ಹರಿಯುತ್ತದೆ ಎನ್ನುತ್ತಿದ್ದರು. ಎಷ್ಟು ಹೊತ್ತು ನೆನೆಯಬೇಕು, ಸರಿಯಾಗಿ ಹೇಳಿ ಎಂದರೆ ನಕ್ಕುಬಿಡುತ್ತಿದ್ದರು. "ಅದೇ ಹೇಳುತ್ತೆ ನರ್ಸಮ್ಮ. ಗಡಿಯಾರ ನೋಡ್ಬೇಡಿ, ಕಣಕ ನೋಡಿ." ಗಡಿಯಾರ ನೋಡಬೇಡ ಎಂದು ನನಗೆ ಹೇಳಿದವರು ಅವರೊಬ್ಬರೇ. ನನಗೆ ಅದು ಒಪ್ಪಿಗೆಯಾಗಲೇ ಇಲ್ಲ.

ಹುಡುಗಿಗೆ ಕೆಲಸ ಸಿಕ್ಕಿ ಸಿಡ್ನಿಗೆ ಬಂದಳು, ಇಲ್ಲೇ ನೆಲೆಸಲು ಪಿಆರ್ ಆಯಿತು, ಸ್ವಂತ ಅಪಾರ್ಟ್‌ಮೆಂಟ್ ಮಾಡಿಕೊಂಡಳು. ನಿವೃತ್ತಳಾಗಿ ನಾನೂ ಮಗನ ಮನೆಗೆ ಬಂದೆ. ಒಮ್ಮೆ ಅವಳ ಮನೆಗೆ ಹೋದಾಗ ಎಲ್ಲ ಎಂದಿನಂತೆ ಅಸ್ತವ್ಯಸ್ತ, ಆದರೆ ದಿಂಬಿನ ಹೊದಿಕೆ ಮಾತ್ರ ಗರಿಗರಿಯಾಗಿ ಇಸ್ತ್ರಿಯಾಗಿತ್ತು. ನಾನು ಕಂಡದ್ದನ್ನು ಅವಳು ಕಂಡಳು.

ಕಳೆದ ವರ್ಷ ಹೋಳಿಗೆಯಮ್ಮ ತೀರಿಕೊಂಡರು. ಮಧ್ಯಾಹ್ನ ಕಣಕ ನೆನೆಯಲು ಇಟ್ಟು ಮೂಟೆಗೆ ಒರಗಿದವರು ಏಳಲಿಲ್ಲ. ಅಂದು ಹುಡುಗಿ ಆಫೀಸಿನಿಂದ ಬರುವುದು ತಡವಾಗಿ ಫೋನು ಮಾಡಿರಲಿಲ್ಲವಂತೆ... ಮಾಡಿದ್ದರೂ ಏನಾಗುತ್ತಿತ್ತು ಎಂದು ನಾನು ನರ್ಸಾಗಿ ಅವಳಿಗೆ ಎಷ್ಟು ಸಲ ವಿವರಿಸಿದ್ದೇನೋ. ಹೃದಯ ನಿಲ್ಲುವುದು ಫೋನಿಗಾಗಿ ಕಾಯುವುದಿಲ್ಲ.

ಇವತ್ತು ಬಂದಾಗ ಅವಳ ಮುಖ ನೋಡಿ ನನಗೆ ಮತ್ತೆ ಸಿಟ್ಟು ಬಂತು. ಕಣ್ಣಿನ ಕೆಳಗೆ ಅದೇ ಹಳೆಯ ಕಪ್ಪು, ಅದರ ಮೇಲೆ ಅದೇ ಪೌಡರ್. ಅಮ್ಮನ ಹಾಗೆ ಕಣಕ ನಾದಲು ಶುರುಮಾಡಿದಳು. ನಾದುತ್ತಾ ಹೇಳಿದಳು. ವರ್ಷದಿಂದ ರಾತ್ರಿ ಎರಡೂವರೆಗೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ, ಮಾತ್ರೆ ತೆಗೆದುಕೊಂಡರೂ ಅಷ್ಟೆ. ಎದ್ದು ಫೋನು ಹಿಡಿದು ಕೂರುತ್ತಾಳಂತೆ.

"ಕೊನೇ ತನಕ ಅಮ್ಮಂಗೆ ಸುಳ್ಳೇ ಹೇಳ್ಕೊಂಡು ಬಂದೆ ಆಂಟಿ. ಗಡಿಯಾರ ತಿರುಗಿಸ್ತಾರೆ ಅಂತೆಲ್ಲ. ಅವಳು ಹೆಂಗೆ ನಂಬಿದ್ಲು... ಅಷ್ಟು ನಂಬೋಳಿಗೆ ಮೋಸ ಮಾಡ್ದೆ ಅನ್ಸುತ್ತೆ. ಕಣ್ಮುಚ್ಚಿದ್ರೆ ಅದೇ."

ಕೊಟ್ಟ ಮಾತು ಕೊಟ್ಟ ಮಾತೇ ಎಂದು ಕಲಿತವಳು ನಾನು. ಸತ್ತವರಿಗೆ ಕೊಟ್ಟದ್ದಾದರೆ ಇನ್ನೂ ಬಿಗಿ. ಆದರೆ ಆಸ್ಪತ್ರೆಯಲ್ಲಿ ಕಲಿತದ್ದೂ ಒಂದುಂಟು: ಕಟ್ಟಿದ ಪಟ್ಟಿಯ ಕೆಲಸ ಮುಗಿದ ಮೇಲೂ ಬಿಚ್ಚದಿದ್ದರೆ ಒಳಗೆ ಕೊಳೆಯುತ್ತದೆ. ಹುಡುಗಿ ನಾಚಿಕೊಳ್ಳಬಾರದೆಂದು ಆಕೆ ಮಾತು ತೆಗೆದುಕೊಂಡದ್ದು. ಹುಡುಗಿ ನಿದ್ದೆ ಮಾಡಲೆಂದು ನಾನು ಕೊಟ್ಟದ್ದು.

ಕಣಕಕ್ಕೆ ಎಣ್ಣೆ ಸುರಿದು ಮುಚ್ಚಿಟ್ಟಳು. "ಕೈ ತೊಳೆದುಕೊಂಡು ಕೂತುಕೋ," ಎಂದೆ. ಹೇಳಿದೆ. ಪರದೆ ಸರಿದದ್ದು, ಬ್ಯಾಂಕಿನವರು ಲೆಕ್ಕ ಹಾಕಿದ್ದು, "ಯಾವ ಕಾಲೇಜು ತೆಗ್ದಿರ್ತಾರೆ" ಎಂದು ನನ್ನನ್ನು ಹಿಡಿದು ಹಾಕಿದ್ದು, ನೀನು ಎದ್ದಿರುತ್ತೀಯೆಂದು ಬೆನ್ನು ನೋಯಿಸಿಕೊಂಡು ಎದ್ದಿದ್ದದ್ದು. ಒಂದನ್ನೂ ಬಿಡಲಿಲ್ಲ.

"ಅಂದ್ರೆ... ಕೋಳಿಗಳ ಮಾತು?"

"ನಿನ್ನನ್ನು ಆಡಿಸಿದ್ದು."

"ಅಯ್ಯೋ ಅಮ್ಮಾ!" ಎಂದಳು. ನಲವತ್ತು ವರ್ಷ ವಾರ್ಡುಗಳಲ್ಲಿ ನಾನು ಹೇಳುತ್ತಾ ಬಂದ ಅದೇ ಧಾಟಿ, ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು ಎಂಬ ಧಾಟಿ. ಆಮೇಲೆ ನಗು ಬಂತು. ನಗು ಯಾವಾಗ ಅಳುವಾಯಿತೋ ನಾನು ನೋಡಲಿಲ್ಲ, ಚಹಕ್ಕೆ ನೀರಿಡಲು ತಿರುಗಿದ್ದೆ. ಚಹ ತಂದಾಗ ಅವಳು ಸೋಫಾದಲ್ಲಿ ಹಿಟ್ಟಿನ ಕೈಯಲ್ಲೇ ನಿದ್ದೆ ಹೋಗಿದ್ದಳು. ಕೈ ತೊಳೆದುಕೋ ಎಂದದ್ದನ್ನೂ ಮರೆತಿದ್ದಳು.

ರೂಢಿಯ ಪ್ರಕಾರ ಬಗ್ಗಿ ಉಸಿರು ನೋಡಿದೆ. ಚೆನ್ನಾಗಿತ್ತು, ಆಳವಾಗಿತ್ತು. ಕಾಲ ಮೇಲೆ ಹೊದಿಕೆ ಎಳೆದು, ದೀಪ ಆರಿಸಿ ಅಡುಗೆಮನೆಗೆ ಬಂದೆ. ಆಗಲೇ ಪಾತ್ರೆಯ ಮೇಲಿನ ತಟ್ಟೆ ಸರಿಸಿದ್ದು.

ಹೊರಗೆ ಕತ್ತಲಾಗಿದೆ. ಬೀದಿಯ ಮನೆಗಳಲ್ಲೆಲ್ಲ ಊಟದ ದೀಪ. ಚೆಲ್ಲಿದ ಹಿಟ್ಟು, ಸಿಂಕಿನ ಚಮಚ, ನಲ್ಲಿಯ ಮೈದಾ ಎಲ್ಲವೂ ಇದ್ದಲ್ಲೇ ಇವೆ; ನೀರು ಬಿಟ್ಟರೆ ಸದ್ದಾಗುತ್ತದೆಂದು ಮುಟ್ಟಿಲ್ಲ. ಹೂರಣ ರುಬ್ಬಿದ್ದಾಗಿದೆ. ಕಣಕವನ್ನು ಬೆರಳಿನಿಂದ ಎಳೆದು ನೋಡಿದೆ. ಸ್ವಲ್ಪ ಬಂತು, ಹರಿಯಿತು. ಇನ್ನೂ ಎಷ್ಟು ಹೊತ್ತು ಬೇಕೋ ನನಗೆ ತಿಳಿಯದು. ಅಭ್ಯಾಸಬಲದಿಂದ ಫೋನು ಕೈಗೆತ್ತಿಕೊಂಡೆ. ತಿಪಟೂರಿನಲ್ಲಿ ಈಗ ಮೂರು ಗಂಟೆ, ಕೇಳಬೇಕಾದ ಹೊತ್ತು ಇದೇ... ಆದರೆ ಅಲ್ಲಿ ಎತ್ತುವವರಿಲ್ಲ.

ತಟ್ಟೆ ಮುಚ್ಚಿದೆ. ಗಡಿಯಾರ ನೋಡಲಿಲ್ಲ.